ತಾಯ್ಸ್ತೊನ ಬೆನ್ನು, ಇರ್ಯಾಳ ಸ್ಪ್ರಿಂಗು

ಅಂಗಡಿಯ ಕ್ಯೂನಲ್ಲಿ ಹಾಲಿನ ಪೊಟ್ಟಣ ಹಿಡಿದು ನಿಂತಿದ್ದ ಇರ್ಯಾಳ ಕಿವಿಗೆ ಬೀಳಲಿ ಅಂತಲೇ ಊರಿನ ಬಾಯಿಬಡುಕ ಕಾಲೆರ್ವೊ ದನಿ ಏರಿಸಿದ.

"ತಾಯ್ಸ್ತೊನ ನೋಡಿದ್ರಾ? ನಿನ್ನೆ ಗಾಡಿಯಿಂದ ಇಳಿಯೋಕೆ ಬೇಲಿ ಹಿಡ್ಕೊಂಡ. ಮೂವತ್ತೊಂಬತ್ತಕ್ಕೇ ಮುದುಕ ಆಗ್ಬಿಟ್ಟ, ಪಾಪ. ಅಕ್ಟೋಬರ್‌ನಲ್ಲಿ ಗಾಡಿ ಹಿಂಬದಿಯ ಸಸ್ಪೆನ್ಷನ್ ಮಾಡಿಸಿದ್ನಂತೆ. ಯಾರ ಹತ್ರ ಅಂತ ನಾನು ಹೇಳಲ್ಲಪ್ಪ."

ಹೇಳಬೇಕಾದ್ದೇನಿತ್ತು? ಕೆಲೊವಾರ ಊರಿನಲ್ಲಿ ಹಿಮದ ಮೇಲೆ ಓಡುವ ಸ್ನೋಮೊಬೈಲ್ ಗಾಡಿಗಳ ಸಸ್ಪೆನ್ಷನ್ ಬಿಚ್ಚಿ ಕಟ್ಟುವವಳು ಇರ್ಯಾ ಒಬ್ಬಳೇ. ಅವಳ ಮೈಯೆಲ್ಲ ಉರಿಯಿತು.

"ಕಾಲೆರ್ವೊ, ಹೇಳೋದಿದ್ರೆ ಮುಖ ನೋಡಿ ಹೇಳು."

"ಅಯ್ಯೋ, ಇಲ್ಲೇ ಇದೀಯಾ ಇರ್ಯಾ? ಕಾಣಲೇ ಇಲ್ಲ ಮಾರಾಯ್ತಿ!" ಅವಳು ನಿಂತಿದ್ದದ್ದು ಅವನ ಭುಜಕ್ಕೆ ಭುಜ ತಾಗುವಷ್ಟು ಹತ್ತಿರ. "ಕೋಪ ಮಾಡ್ಕೋಬೇಡ. ಶನಿವಾರ ಸಂಘದ ಸಭೆ ಇದೆಯಲ್ಲ, ಹದಿನಾಲ್ಕೂ ಗಾಡಿ ಈ ಸಲ ಪೇಟೆ ಗ್ಯಾರೇಜಿಗೆ ಕೊಡೋಣ ಅಂತ ಕೆಲವರು ಅಂತಿದಾರೆ. ನಾನಲ್ಲ, ಕೆಲವರು. ಎಲ್ರಿಗೂ ಇರೋದು ಒಂದೇ ಬೆನ್ನು ನೋಡು."

ಹಿಮಸಾರಂಗ ಸಾಕುವವರ ಸಂಘದ ಆ ಹದಿನಾಲ್ಕು ಗಾಡಿಗಳೇ ಇರ್ಯಾಳ ಬದುಕು. ಅವು ಕೈತಪ್ಪಿದರೆ ಶೆಡ್ಡಿಗೆ ಬೀಗ ಜಡಿದು ಪೇಟೆ ಸೇರಬೇಕು. ಪ್ರವಾಸಿಗರಿಗೆ ಬಾಡಿಗೆ ಕೊಡುವ ಗಾಡಿಗಳ ಹಿಮ ಒರೆಸುತ್ತ ಯಾರದೋ ಕೈಕೆಳಗೆ ಇರಬೇಕು. ಒಂಬತ್ತು ಚಳಿಗಾಲ ಹಲ್ಲು ಕಚ್ಚಿ ಗಳಿಸಿದ ಹೆಸರು ಅವಳದು. ಯಾರ ಗಾಡಿ ಬಂದರೂ ಅವರನ್ನು ಹೊರೆ ಸಮೇತ ಮೇಲೆ ಕೂರಿಸುತ್ತಿದ್ದಳು: ದಪ್ಪ ಕೋಟು, ಹಗ್ಗದ ಸುರುಳಿ, ಕಾಫಿ ಫ್ಲಾಸ್ಕು, ನಾಯಿ ಇದ್ದರೆ ನಾಯಿಯನ್ನೂ ಸೇರಿಸಿ. ಆಮೇಲೆ ಮಂಡಿಯೂರಿ ಹಿಂಬದಿ ಎಷ್ಟು ತಗ್ಗಿತು ಅಂತ ಟೇಪು ಹಿಡಿದು ಅಳೆಯುತ್ತಿದ್ದಳು. ಇಂಥವಳ ಕೆಲಸಕ್ಕೆ ಕಾಲೆರ್ವೊ ಹೆಸರಿಡುವುದೆಂದರೆ!

ಹಾಲನ್ನು ಅಲ್ಲೇ ಬಿಸ್ಕತ್ತಿನ ಪಕ್ಕ ಕುಕ್ಕಿ ಹೊರಬಂದಳು. ಹದಿನೆಂಟು ಕಿಲೋಮೀಟರು, ಹೆಪ್ಪುಗಟ್ಟಿದ ಸರೋವರದ ಮೇಲಿಂದ, ತಾಯ್ಸ್ತೊನ ಅಂಗಳದವರೆಗೂ ಒಂದೇ ಉಸಿರಿಗೆ ಗಾಡಿ ಓಡಿಸಿದಳು. ದಾರಿಯುದ್ದಕ್ಕೂ ಹೆಲ್ಮೆಟ್ಟಿನೊಳಗೆ ಅವನನ್ನು ಬೈದಳು. ಚಳಿಗಾಲವೆಲ್ಲ ಬೆನ್ನುನೋವಂತೆ! ಒಂದು ಫೋನು ಮಾಡಿದ್ದರೆ ಕೈ ಸವೆದುಹೋಗುತ್ತಿತ್ತೇ?

ತಾಯ್ಸ್ತೊ ಬೇಲಿಯೊಳಗಿನ ಸಾರಂಗಗಳಿಗೆ ಒಣಹುಲ್ಲು ಹಾಕುತ್ತಿದ್ದ. ಅವಳನ್ನು ಕಂಡು ನೆಟ್ಟಗಾಗಲು ಹೋಗಿ, ಅರ್ಧಕ್ಕೇ ನಿಂತ. ಆರಡಿ ಆಳು ಹಾಗೆ ಸೊಂಟ ಹಿಡಿದು ನಿಂತದ್ದನ್ನು ನೋಡಿ ಅವಳಿಗೆ ಅಯ್ಯೋ ಅನ್ನಿಸಿತು. ಅದಕ್ಕೂ ಸಿಟ್ಟೇ ಬಂತು.

"ನನ್ನ ಕೆಲಸದ ಬಗ್ಗೆ ಊರಲ್ಲೆಲ್ಲ ಏನು ಹೇಳ್ಕೊಂಡು ಬರ್ತಿದೀಯ?"

"ನಾನಾ? ನಾನೇನೂ ಹೇಳಿಲ್ಲ."

ಅದಂತೂ ನಿಜವೇ ಇರಬೇಕು. ತಾಯ್ಸ್ತೊ ವಾರಕ್ಕೆ ಹತ್ತು ಮಾತಾಡಿದರೆ ಹೆಚ್ಚು, ಅದರಲ್ಲಿ ಎಂಟು ನಾಯಿಯ ಜೊತೆ.

"ಅಲ್ಲ ಅಂತಲೂ ಹೇಳಿಲ್ಲ, ಅಲ್ವಾ? ಇರ್ಯಾ ಕೆಟ್ಟ ಕೆಲಸ ಮಾಡಿದ್ಲಾ ಅಂತ ಕೇಳಿದಾಗ ಏನಂದೆ?"

"ಸುಮ್ನಿದ್ದೆ."

"ಸುಮ್ನಿದ್ನಂತೆ! ಕೀ ಕೊಡು."

"ಇರ್ಯಾ, ಬೇಡ—"

"ಕೀ ಕೊಡು ಅಂದೆ."

ಅವನ ಗಾಡಿ ಹತ್ತಿ ಸರೋವರದ ಅಂಚಿನ ಹಾದಿಗೆ ಇಳಿದಳು. ಮಾರ್ಚ್ ತಿಂಗಳು, ಎಲ್ಲರೂ ಓಡಾಡಿದ ಹಾದಿ ಉಬ್ಬುತಗ್ಗು ಬಿದ್ದು ಕಲ್ಲಿನಂತೆ ಗಟ್ಟಿಯಾಗಿತ್ತು. ಮೊದಲ ಉಬ್ಬಿಗೇ ಸೀಟು ಅವಳನ್ನು ಮೇಲಕ್ಕೆ ಒದೆಯಿತು. ಎರಡನೆಯದಕ್ಕೆ ಸೊಂಟದಿಂದ ಕುತ್ತಿಗೆಯವರೆಗೆ ಜುಮ್ಮೆಂದಿತು. ಇನ್ನೂರು ಮೀಟರಿಗೆ ತಿರುಗಿಸಿಕೊಂಡು ವಾಪಸು ಬಂದಳು. ಇದು ತನ್ನ ಕೆಲಸವಲ್ಲ ಎಂದು ಅವಳ ಮೈಗೇ ಗೊತ್ತಾಗಿತ್ತು. ಅಕ್ಟೋಬರಿನಲ್ಲಿ ಹೊಸ ಸ್ಪ್ರಿಂಗು ಹಾಕಿದ್ದಳು, ಕುಲುಕು ತಡೆಯುವ ಶಾಕ್ ಬಿಚ್ಚಿ ಒಳಗಿನ ತೆಳು ಬಿಲ್ಲೆಗಳ ಜೋಡಣೆ ಬದಲಿಸಿ ಎಣ್ಣೆ ತುಂಬಿದ್ದಳು. ಅವಳು ಕೊಟ್ಟು ಕಳಿಸಿದಾಗ ಈ ಗಾಡಿ ಉಬ್ಬುಗಳ ಮೇಲೆ ಬೆಣ್ಣೆಯ ಹಾಗೆ ಹೋಗುತ್ತಿತ್ತು.

ಗಾಡಿಯಿಂದ ಇಳಿದವಳೇ ಹಿಮದಲ್ಲಿ ಮಲಗಿ, ಚಕ್ರದ ಬದಲಿಗಿರುವ ರಬ್ಬರ್ ಪಟ್ಟೆಯ ಒಳಗೆ ಇಣುಕಿದಳು. ಸ್ಪ್ರಿಂಗಿನ ತುದಿ, ತಿರುಗಿಸಬಹುದಾದ ಒಂದು ಪುಟ್ಟ ತುಂಡಿನ ಮೇಲೆ ಕೂರುತ್ತದೆ. ಆ ತುಂಡಿಗೆ ಮೂರು ಮುಖ. ಒಂದನೆಯದು ಮೆತ್ತಗೆ, ಎರಡನೆಯದು ನಡುವೆ, ಮೂರನೆಯದು ಹೆಚ್ಚು ಭಾರಕ್ಕೆ, ಬಿಗಿ. ತಾಯ್ಸ್ತೊನಂಥ ಸಪೂರ ಮನುಷ್ಯನಿಗೆ ಅವಳು ಒಂದಕ್ಕೆ ಇಟ್ಟಿದ್ದಳು. ಈಗ ಎರಡೂ ಬದಿಯಲ್ಲಿ ಮೂರಕ್ಕಿತ್ತು.

"ಯಾರು ತಿರುಗಿಸಿದ್ದು ಇದನ್ನ?"

ತಾಯ್ಸ್ತೊ ತನ್ನ ಕೈಗವಸನ್ನೇ ನೋಡುತ್ತ ನಿಂತ.

"ಕೇಳ್ತಿರೋದು ನಿನ್ನನ್ನೇ ಕಣೋ."

"ನಾನೇ."

"ಯಾವಾಗ?"

"ನವೆಂಬರ್‌ನಲ್ಲಿ."

ಇರ್ಯಾ ಎದ್ದು ನಿಂತಳು. ಕೂದಲಿನಿಂದ ಮೊಣಕಾಲಿನವರೆಗೆ ಹಿಮ ಮೆತ್ತಿತ್ತು. "ನೀನೇ ಕೈಯಾರೆ ತಿರುಗಿಸಿ, ನೀನೇ ಬೆನ್ನು ಮುರ್ಕೊಂಡು, ಊರೆಲ್ಲ ನನ್ನ ಮಾನ ತೆಗೀತಿದ್ರೆ ಬೊಂಬೆ ಹಾಗೆ ನಿಂತು ನೋಡಿದ್ಯಲ್ಲ! ಯಾಕೆ? ನಾನು ನಿನಗೇನು ಅನ್ಯಾಯ ಮಾಡಿದ್ದೆ?"

"ಏನೂ ಇಲ್ಲ."

"ಮತ್ಯಾಕೆ ತಿರುಗಿಸಿದೆ?"

ಅವನ ಕಿವಿ ಕೆಂಪಾಗತೊಡಗಿತು. ಚಳಿಗಾದರೆ ತುದಿ ಮಾತ್ರ ಕೆಂಪಾಗುತ್ತದೆ, ಇದು ಬುಡದಿಂದಲೇ ಏರಿ ಕೆನ್ನೆಗೆ ಹಬ್ಬಿತು. "ಇಬ್ಬರಿಗೆ ಅಂತ," ಅಂದ, ನೆಲಕ್ಕೆ ಹೇಳಿದಂತೆ.

ಅವಳ ಎದೆ ಧಸಕ್ಕೆಂದಿತು. ಇಬ್ಬರಿಗೆ! ಅಂದರೆ ಇವನ ಬೆನ್ನ ಹಿಂದೆ ಯಾರೋ ಕೂರುತ್ತಿದ್ದಾಳೆ. ಕೂರಲಿ, ತನಗೇನು? ತನಗೇನೂ ಇಲ್ಲ ಎಂದುಕೊಂಡು ಮೊಣಕಾಲಿನ ಹಿಮವನ್ನು ಜೋರಾಗಿ ಕೊಡವಿದಳು.

"ಯಾರಪ್ಪಾ ಆ ಮಹಾರಾಣಿ?" ಅಂತ ಕೊಂಕಾಗಿ ಕೇಳಿದಳು. "ಅವಳ ಮೆತ್ತನೆ ಸವಾರಿಗೋಸ್ಕರ ನನ್ನ ಶೆಡ್ ಮುಚ್ಚಬೇಕಾ?"

ತಾಯ್ಸ್ತೊ ತಲೆಯೆತ್ತಿದ. ಅವನ ಬೂದುಗಣ್ಣು ಅವಳ ಕೂದಲಿನ ಹಿಮದ ಮೇಲೆ ಒಂದು ಗಳಿಗೆ ನಿಂತು, ಹುಬ್ಬಿಗೆ ಇಳಿದು, ಕೊನೆಗೆ ಧೈರ್ಯ ಮಾಡಿ ಅವಳ ಕಣ್ಣಿಗೆ ಬಂತು.

"ಸಾರಂಗ ಎಲ್ಲ ಒಟ್ಟುಗೂಡಿಸಿ ಅವರವರದು ಬೇರ್ಪಡಿಸೋ ದಿನ ನಿನ್ನ ಗಾಡಿ ಬೆಲ್ಟು ಹರೀತಲ್ಲ," ಅಂದ. "ಗುಡ್ಡದಿಂದ ನಿನ್ನ ಮನೆವರೆಗೂ ನನ್ನ ಹಿಂದೆ ಕೂತು ಬಂದೆ. ಉಬ್ಬು ಬಂದಾಗಲೆಲ್ಲ ಹಿಂಬದಿ ನೆಲಕ್ಕೆ ಹೊಡೀತಿತ್ತು. ಇಳಿದು ನೀನು, ಈ ಗಾಡೀಲಿ ಇನ್ನು ಯಾವತ್ತೂ ನಿನ್ನ ಹಿಂದೆ ಕೂರಲ್ಲ ಅಂದೆ. ಅವತ್ತೇ ನಾನು ತಿರುಗಿಸಿದೆ."

ಇರ್ಯಾಳಿಗೆ ಆ ದಿನ ಚೆನ್ನಾಗಿಯೇ ನೆನಪಿತ್ತು. ಇಪ್ಪತ್ತು ಕಿಲೋಮೀಟರು ಅವನ ಕೋಟಿಗೆ ಕೆನ್ನೆಯಿಟ್ಟು ಬಂದಿದ್ದಳು. ಇಳಿದ ಮೇಲೆ ಮುಖದ ಬಣ್ಣ ಎಲ್ಲಿ ಕಂಡುಬಿಡುತ್ತದೋ ಅಂತ ಬಾಯಿಗೆ ಬಂದದ್ದು ಬೈದು ಒಳಗೆ ಓಡಿದ್ದಳು. ಅದನ್ನು ಈ ಪುಣ್ಯಾತ್ಮ ಅಕ್ಷರಕ್ಕೆ ಅಕ್ಷರ ನಂಬಿ ಸ್ಪಾನರ್ ಎತ್ತಿಕೊಂಡಿದ್ದ.

"ತಿರುಗಿಸೋಕೆ ಒಂದು ನಿಮಿಷ ಸಾಕು, ಪೆದ್ದ!" ಅಂತ ಅವಳು ಕೂಗಿದಳು. "ಹಿಂದೆ ಕೂರೋರು ಬಂದಾಗ ತಿರುಗಿಸೋದು! ನಾಲ್ಕು ತಿಂಗಳು ಒಬ್ಬನೇ ಯಾಕೆ ಒದೆ ತಿಂದೆ?"

"ನೀನು ಯಾವತ್ತು ಬರ್ತೀಯೋ ಗೊತ್ತಿರ್ಲಿಲ್ಲ. ನೀ ಬಂದಾಗ ನಾನು ಸ್ಪಾನರ್ ಹುಡುಕ್ತಾ ಕೂತ್ರೆ, ಅಷ್ಟರಲ್ಲಿ ಮನಸ್ಸು ಬದಲಾಯಿಸ್ಬಿಡ್ತೀಯ ಅಂತ."

ಇಂಥ ಮಾತು ಕೇಳಿದ ಮೇಲೆ ಬೇರೆ ಯಾವಳಾದರೂ ಕರಗಿ ನೀರಾಗುತ್ತಿದ್ದಳು. ಇರ್ಯಾಳೂ ಕರಗಿದಳು, ಸುಳ್ಳೇಕೆ? ಆದರೆ ಮರುಗಳಿಗೆಯೇ ಅಂಗಡಿಯ ಕ್ಯೂ ನೆನಪಾಯಿತು, ಕಾಲೆರ್ವೊನ ಏರಿಸಿದ ದನಿ ನೆನಪಾಯಿತು, ಮತ್ತೆ ಕೆಂಡವಾದಳು.

"ಚೆನ್ನಾಗಿದೆ. ನಿನ್ನ ಪ್ರೀತಿ ನಿನ್ನ ಹೊಟ್ಟೇಲಿ ಬೆಚ್ಚಗಿದೆ, ನನ್ನ ಹೆಸರು ಬೀದೀಲಿ ಬಿದ್ದಿದೆ. ಶನಿವಾರ ಸಭೇಲಿ ಎದ್ದು ನಿಂತು ಎಲ್ಲ ಹೇಳ್ಬೇಕು."

"ತಿರುಗಿಸಿದ್ದು ನಾನೇ ಅಂತ ಹೇಳ್ತೀನಿ."

"ಯಾಕೆ ತಿರುಗಿಸಿದೆ ಅನ್ನೋದನ್ನೂ."

ಅವನ ಮುಖದ ರಕ್ತವೆಲ್ಲ ಇಳಿದುಹೋಯಿತು. "ಅಷ್ಟು ಜನರ ಮುಂದೆನಾ? ಕಾಲೆರ್ವೊ ಇರ್ತಾನೆ ಇರ್ಯಾ. ಸಾಯೋವರೆಗೂ ಆಡ್ಕೋತಾನೆ."

"ಕಾರಣ ಹೇಳ್ದಿದ್ರೆ ಒಬ್ರೂ ನಂಬಲ್ಲ. ಇರ್ಯಾ ಮೇಲಿನ ಕನಿಕರಕ್ಕೆ ತಪ್ಪು ತಲೆ ಮೇಲೆ ಹಾಕ್ಕೊಂಡ ಅಂತಾರೆ."

ಅವನು ಒಣಹುಲ್ಲಿನ ಕಟ್ಟು ಎತ್ತಿಕೊಂಡು ಬೇಲಿಯ ಕಡೆ ತಿರುಗಿದ. 

"ಸರಿ. ಬಾಯಿ ಬಿಡದವನ ಹಿಂದೆ ಕೂರೋಕೆ ನಾನೇನು ಹುಲ್ಲಿನ ಮೂಟೆ ಅಲ್ಲ," ಎಂದು ತನ್ನ ಗಾಡಿ ಹತ್ತಿದಳು. ಸರೋವರದ ನಡುಮಧ್ಯೆ ಹೆಲ್ಮೆಟ್ಟಿನ ಗಾಜು ಮಂಜಾಯಿತು. ನಿಲ್ಲಿಸಿ, ಗಾಜು ಎತ್ತಿ, ಕಣ್ಣು ಒರೆಸಿಕೊಂಡು ಮತ್ತೆ ಹೊರಟಳು.

ಶನಿವಾರ ಮಧ್ಯಾಹ್ನ ಸಂಘದ ಮರದ ಮನೆಯಲ್ಲಿ ಮೂವತ್ತು ಜನ, ಎರಡು ದೊಡ್ಡ ಪಾತ್ರೆ ಕಾಫಿ, ಏಲಕ್ಕಿ ಹಾಕಿದ ಬನ್ನು. ತಾಯ್ಸ್ತೊ ಬಾಗಿಲ ಹತ್ತಿರ ಗೋಡೆಗೆ ಒರಗಿದ್ದ. ಇರ್ಯಾ ಅವನ ಕಡೆ ತಿರುಗಿಯೂ ನೋಡಲಿಲ್ಲ. ಅವನು ಬೂದುಬಣ್ಣದ ಹೊಸ ಸ್ವೆಟರ್ ಹಾಕಿದ್ದಾನೆ, ಗಡ್ಡ ಹೆರೆಯುವಾಗ ಗದ್ದ ಕೊಯ್ದುಕೊಂಡಿದ್ದಾನೆ ಎಂಬುದು ಮಾತ್ರ ಹೇಗೋ ಅವಳಿಗೆ ಗೊತ್ತಾಗಿತ್ತು.

ಸಂಘದ ಯಜಮಾನಿ ಹಿಲ್ಕ, ಅರವತ್ತು ದಾಟಿದ ಗಟ್ಟಿ ಹೆಂಗಸು, ಮೇಜು ಬಡಿದಳು. "ಗಾಡಿ ವಿಷಯ. ಇರ್ಯಾ ಕೈಗೋ, ಪೇಟೆಗೋ? ಹೇಳೋದಿದ್ರೆ ಈಗಲೇ ಹೇಳಿ. ಆಮೇಲೆ ದಾರೀಲಿ ಗೊಣಗಿದ್ರೆ ನಾನು ಕೇಳಲ್ಲ."

"ನನಗೇನೂ ದ್ವೇಷ ಇಲ್ಲ ಹಿಲ್ಕಕ್ಕ," ಅಂತ ಕಾಲೆರ್ವೊ ಎದ್ದ. "ಆದ್ರೆ ಮನುಷ್ಯನ್ನ ನೋಡಿ, ಬಾಗಿಲಲ್ಲೇ ನಿಂತಿದಾನೆ. ಕೂರೋಕೂ ಆಗಲ್ಲ ಅವನಿಗೆ."

ಎಲ್ಲರೂ ತಿರುಗಿ ನೋಡಿದರು. ಇರ್ಯಾ ಕಾಫಿ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಹೇಳುವುದಿಲ್ಲ ಇವನು, ಎಂದುಕೊಂಡಳು. ಸುಮ್ಮನಿದ್ದು ನನ್ನನ್ನು ಮುಗಿಸುತ್ತಾನೆ. ಹಿಲ್ಕ ಕೈ ಎತ್ತಿಸಲು ಬಾಯಿ ತೆರೆದಳು.

"ತಿರುಗಿಸಿದ್ದು ನಾನು."

ಗೋಡೆ ಬಿಟ್ಟು ಮುಂದೆ ಬಂದಿದ್ದ ತಾಯ್ಸ್ತೊ. 

"ಇರ್ಯಾ ಸ್ಪ್ರಿಂಗು ಒಂದಕ್ಕೆ ಇಟ್ಟಿದ್ಲು. ನಾನು ಮೂರಕ್ಕೆ ತಿರುಗಿಸ್ದೆ. ಅವಳ ಕೆಲಸದಲ್ಲಿ ಒಂದು ಕೂದಲಷ್ಟು ತಪ್ಪಿಲ್ಲ."

"ನಿನ್ನಂಥ ಸಣಕಲ ಮೂರಕ್ಕೆ ಯಾಕಪ್ಪಾ ತಿರುಗಿಸ್ತಾನೆ?" ಕಾಲೆರ್ವೊ ಬಿಡಲಿಲ್ಲ. "ಪಾಪ ಅಂತ ಅವಳನ್ನ ಉಳಿಸೋಕೆ ನೋಡ್ತಿದೀಯ."

"ಅವಳು ಹಿಂದೆ ಕೂರ್ಲಿ ಅಂತ." ತಾಯ್ಸ್ತೊ ಇನ್ನೊಂದು ಹೆಜ್ಜೆ ಮುಂದೆ ಬಂದ. "ಒಂದು ಸಲ ಕೂತಿದ್ಲು. ಮತ್ತೆ ಕೂತಾಗ ಅವಳಿಗೆ ನೋವಾಗ್ಬಾರ್ದು ಅಂತ. ಚಳಿಗಾಲ ಪೂರ್ತಿ ಹಾಗೇ ಇಟ್ಟಿದ್ದೆ. ಬಾ ಅಂತ ಕರೆಯೋಕೆ ಬಾಯಿ ಬರ್ಲಿಲ್ಲ. ಅವಳ ಹೆಸರು ಕೆಟ್ಟಾಗಲೂ ಬಾಯಿ ಬರ್ಲಿಲ್ಲ. ಅದು ತಪ್ಪು. ದೊಡ್ಡ ತಪ್ಪು. ಅಷ್ಟೇ."

ಅವನ ಬಾಯಿಂದ ಒಂದೇ ಸಲಕ್ಕೆ ಇಷ್ಟು ಮಾತು ಆ ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಕಾಲೆರ್ವೊ ಏನೋ ಹೇಳಹೋದ. ಹಿಲ್ಕ ಅವನ ಕಡೆ ಬೆರಳು ತೋರಿಸಿದಳು. "ನೀನು ಬನ್ನು ತಿನ್ನು. ಇರ್ಯಾ, ಇದು ನಿಜವೇನೇ?"

"ಸ್ಪ್ರಿಂಗಿನದು ನಿಜ, ಹಿಲ್ಕಕ್ಕ. ನಾನೇ ನೋಡಿದೀನಿ." ಅವಳ ದನಿ ಒರಟಾಗಿ ಬಂತು. "ಉಳಿದದ್ದು ಅವನ ವಿಷಯ."

ಇರ್ಯಾಳಿಗೇ ಕೊಡೋಣ ಅಂತ ಇಪ್ಪತ್ತೊಂಬತ್ತು ಕೈ ಮೇಲೆ ಹೋದವು. ಕೊನೆಯದು ಕಾಲೆರ್ವೊನದು, ಬನ್ನು ಹಿಡಿದುಕೊಂಡೇ.

ಇರ್ಯಾ ಹೊರಗೆ ಬಂದಾಗ ತಾಯ್ಸ್ತೊ ಆಗಲೇ ತನ್ನ ಗಾಡಿಯ ಹತ್ತಿರ ಇದ್ದ. ತಪ್ಪಿಸಿಕೊಂಡು ಹೋಗುವ ಅವಸರ ಅವನ ಕೈಯಲ್ಲೇ ಕಾಣುತ್ತಿತ್ತು. ಹೆಲ್ಮೆಟ್ಟಿನ ಪಟ್ಟಿ ಸಿಕ್ಕಿಸಲು ಆಗುತ್ತಿರಲಿಲ್ಲ. ಅವಳು ಹೋಗಿ ಅವನ ಗದ್ದದ ಕೆಳಗೆ ಕೈ ಹಾಕಿ ಪಟಕ್ಕನೆ ಸಿಕ್ಕಿಸಿದಳು. ಅವಳ ಬೆರಳು ಅವನ ಗಾಯಕ್ಕೆ ತಾಗಿತು. ಅವನು ಉಸಿರು ಹಿಡಿದ.

"ಕೋಪ ಹೋಯ್ತಾ?" ಅಂತ ಕೇಳಿದ.

"ಇಲ್ಲ."

"ಸರಿ." ಸೀಟಿನ ಹಿಮ ಒರೆಸುತ್ತ, "ಬೆಳಗ್ಗೆ ಸ್ಪ್ರಿಂಗು ಮತ್ತೆ ಒಂದಕ್ಕೆ ತಿರುಗಿಸ್ದೆ," ಅಂದ. "ಬೆನ್ನಿಗೆ ಹಾಯಾಗಿದೆ. ನೀನು ಕೂರಲ್ಲ ಅಂದ್ಯಲ್ಲ. ಇನ್ನು ಯಾರಿಗೆ ಅಂತ—"

"ಯಾರನ್ನ ಕೇಳಿ ತಿರುಗಿಸ್ದೆ?"

ಅವನು ಕಣ್ಣು ಪಿಳಿಪಿಳಿ ಬಿಟ್ಟ.

"ನನ್ನ ಸೆಟ್ಟಿಂಗು ಮುಟ್ಟೋಕೆ ನಿನಗ್ಯಾರು ಹೇಳಿದ್ರು? ಒಂದು ಸಲ ಅಲ್ಲ, ಎರಡೆರಡು ಸಲ! ಸ್ಪಾನರ್ ಎಲ್ಲಿ? ಕೊಡಿಲ್ಲಿ."

ಒಳಗಿದ್ದವರೆಲ್ಲ ಕಿಟಕಿಗೆ ಅಂಟಿಕೊಂಡು ನೋಡುತ್ತಿದ್ದರು. ನೋಡಲಿ. ಇರ್ಯಾ ಸಭೆಗೆ ಅಂತ ಹಾಕಿಕೊಂಡು ಬಂದಿದ್ದ ಒಳ್ಳೆಯ ಪ್ಯಾಂಟಿನಲ್ಲೇ ಹಿಮದಲ್ಲಿ ಮಂಡಿಯೂರಿದಳು. ಟಕ್ ಅಂತ ಎಡಗಡೆ, ಟಕ್ ಅಂತ ಬಲಗಡೆ.

"ಎರಡಕ್ಕೆ ಇಟ್ಟೆ," ಎಂದು ಎದ್ದಳು. "ಮೂರಂತೆ! ನನ್ನ ತೂಕ ಎಷ್ಟು ಅಂದ್ಕೊಂಡಿದೀಯ ನೀನು?"

"ನಿಂಗೆ ನೋವಾಗ್ಬಾರ್ದು ಅಂತ..."

"ನನಗಾದ್ರೆ ನಾನು ಬಾಯಿ ಬಿಟ್ಟು ಹೇಳ್ತೀನಿ. ನಿನಗಾದ್ರೆ ನೀನೂ ಹೇಳ್ಬೇಕು. ತಿಳೀತಾ? ಕೂತ್ಕೋ."

ಅವನು ಕೂತ. ಅವಳು ಹಿಂದೆ ಹತ್ತಿ, ನೋಯುತ್ತಿದ್ದ ಬೆನ್ನಿಗೆ ಭಾರ ಬೀಳದಂತೆ ಸರಿದು, ಎರಡೂ ಕೈಯಿಂದ ಅವನನ್ನು ಬಳಸಿ ಹಿಡಿದಳು. ಅವನ ಎದೆ ಡವಡವ ಹೊಡೆದುಕೊಳ್ಳುವುದು ಕೋಟಿನ ಆಚೆಯಿಂದಲೂ ಅವಳ ಅಂಗೈಗೆ ತಿಳಿಯುತ್ತಿತ್ತು.

"ಎಲ್ಲಿಗೆ ಹೋಗೋಣ?" ತಾಯ್ಸ್ತೊ ಕೇಳಿದ.

"ನನ್ನ ಮನೆಗೇ. ಆದ್ರೆ ದೂರದ ದಾರಿ ಹಿಡಿ," ಅಂದಳು ಇರ್ಯಾ. "ಬೈಯೋದು ಇನ್ನೂ ತುಂಬಾ ಇದೆ."