ಸೊನ್ನೆ ಬಂದ ಓಣಿ

ಬನಹಟ್ಟಿಯ ಚರಂಡಿಗಳಲ್ಲಿ ಕೂತ ನಾನ್ನೂರು ಮಲಿನಜಲ ಘ್ರಾಣಕಗಳು ಬೆಳಿಗ್ಗೆ ಏಳಕ್ಕೆ ವರದಿ ಒಪ್ಪಿಸಿದವು. ಜನ ಅವನ್ನು ಚರಂಡಿಮೂಗು ಎನ್ನುತ್ತಿದ್ದರು. ಹೆಸರಿಡುವುದರಲ್ಲಿ ವಿಜ್ಞಾನಿಗಳಿಗಿಂತ ಜನರೇ ವಾಸಿ. ಹರಿವ ನೀರಿನಲ್ಲಿ ರೋಗಾಣುಗಳ ಚೂರುಗಳನ್ನು ಗುರುತಿಸಿ, ಯಾವ ಓಣಿಯಲ್ಲಿ ಯಾವ ರೋಗವೆಂದು ಅವು ಹೇಳುತ್ತಿದ್ದವು. 2061ರ ಆ ಮಳೆಗಾಲದಲ್ಲಿ ಊರಿಗೆ ಹೊಸದೊಂದು ಕರುಳುಜ್ವರ ಬಂದಿತ್ತು. ಅದನ್ನು ಶತ್ರುದೇಶದವರು ಯಾರೋ ಬೇಕೆಂದೇ ಹರಡಿರಬಹುದೆಂಬ ಸಂಶಯದಿಂದ, ವರದಿ ನೋಡುವ ಡಾಕ್ಟರ್ ಶಶಿರೇಖಾ ಕುಲಗೋಡರ ಪಕ್ಕದಲ್ಲಿ ಗುಪ್ತಚರ ಇಲಾಖೆಯ ಮಲಿಕಸಾಬ ನದಾಫರಿಗೂ ಒಂದು ಕುರ್ಚಿ ಹಾಕಿದ್ದರು.

“ಲಾಳಿ ಓಣಿ ನೋಡ್ರಿ, ಪೂರಾ ಸೊನ್ನೆ. ಒಂದು ನೆಗಡಿ ಸೈತ ಇಲ್ಲ,” ಎಂದು ಡಾಕ್ಟರು ಹಿಗ್ಗಿದರು.

“ಮಳಿಗಾಲದಾಗ ನೆಗಡಿ ಇಲ್ಲದ ಓಣಿ ಯಾವುದೈತ್ರಿ ಮೇಡಮ್?” ಎಂದರು ನದಾಫ. “ಸುದ್ದಿನ ಬರದ ಊರಿಗೇ ನಾವು ಮೊದಲು ಹೋಗೂದು.”

ಹೋಗಿ ನೋಡಿದರೆ ಚರಂಡಿಯ ತುಂಬ ಬ್ಲೀಚಿಂಗ್ ಪುಡಿ; ರೋಗಾಣುಗಳ ಚೂರುಗಳೆಲ್ಲ ಅದರಲ್ಲಿ ಸುಟ್ಟುಹೋಗಿ ಮೂಗಿಗೆ ಏನೂ ಸಿಕ್ಕಿರಲಿಲ್ಲ. ಪುಡಿಯ ಬಿಳಿ ಜಾಡು, ಮಗ್ಗ ನೇಯುವ ಮುದುಕಿ ತಂಗೆವ್ವನ ಹೊಸ್ತಿಲಿಗೆ ಮುಟ್ಟಿತ್ತು. ಒಳಗೆ ಅವಳ ಸೊಸೆ, ಏಳು ತಿಂಗಳ ಗರ್ಭಿಣಿ ಸಾವಕ್ಕ, ಜ್ವರದಲ್ಲಿ ಬೇಯುತ್ತಿದ್ದಳು. ತಂಗೆವ್ವ ಬಾಗಿಲಿಗೆ ಅಡ್ಡ ನಿಂತಳು.

“ಹ್ವಾದ ಸಲ ಜ್ವರ ಬಂದವರನ್ನ ಗಾಡ್ಯಾಗ ಹೇರಿಕೊಂಡು ಒಯ್ದ್ರಿ. ಅದಕ್ಕ ಪುಡಿ ಸುರುವೀನಿ. ಇಕಿನ್ನ ಕೊಡಂಗಿಲ್ಲ.”

ನದಾಫರು ಹೆಸರು ಬರೆಯಲೆಂದು ಪುಸ್ತಕ ತೆಗೆದಿದ್ದರು. ಮುದುಕಿಯ ಕಣ್ಣು ಆ ಪುಸ್ತಕದ ಮೇಲೇ ನೆಟ್ಟದ್ದನ್ನು ಕಂಡು ಅವರಿಗೆ ನಾಚಿಕೆಯಾಯಿತು. ಪುಸ್ತಕ ಜೇಬಿಗೆ ಹೋಯಿತು.

“ಹೆಸರು ನನಗ ಬ್ಯಾಡವ್ವ. ಯಾರೂ ಒಯ್ಯಂಗಿಲ್ಲ. ಡಾಕ್ಟರು ಒಳಗ ಬರ್ತಾರ, ನಾ ಕಟ್ಟಿ ಮ್ಯಾಲ ಕೂಡ್ತೀನಿ.”

ಎಂಟು ದಿನ ಮನೆಯಲ್ಲೇ ಚಿಕಿತ್ಸೆ ನಡೆದು ತಾಯಿ, ಹೊಟ್ಟೆಯಲ್ಲಿದ್ದ ಮಗು ಇಬ್ಬರೂ ಉಳಿದರು. ಧೈರ್ಯ ಬಂದ ತಂಗೆವ್ವನೇ, ನಲ್ಲಿ ನೀರು ನಾರತೊಡಗಿದ ಜಾಗ ತೋರಿಸಲು ನದಾಫರನ್ನು ಓಣಿಯ ಕೊನೆಗೆ ಕರೆದೊಯ್ದಳು. ಶತ್ರುದೇಶ ಸಿಗಲಿಲ್ಲ, ಚರಂಡಿಯೊಳಗೆ ಒಡೆದಿದ್ದ ಕುಡಿಯುವ ನೀರಿನ ಪೈಪು ಸಿಕ್ಕಿತು. ಅದನ್ನು ಬದಲಿಸಿದ ಮೇಲೆ ಊರಿನ ಜ್ವರ ಇಳಿಯಿತು. ಅಂದಿನಿಂದ ಸೊನ್ನೆಯೂ ಅಪಾಯವೆಂದೂ, ಸೊನ್ನೆ ಬಂದರೆ ಮೂಗುಗಳು ಬೆಳಗಿನ ಏಳಕ್ಕೆ ಕಾಯದೆ ತಕ್ಷಣ ತಿಳಿಸಬೇಕೆಂದೂ, ಡಾಕ್ಟರೂ ನದಾಫರೂ ಕೂಡಲೇ ಹೊರಡಬೇಕೆಂದೂ ನಿಯಮವಾಯಿತು.

ಎರಡು ತಿಂಗಳಿಗೆ ಲಾಳಿ ಓಣಿ ಮತ್ತೆ ಸೊನ್ನೆ ತೋರಿಸಿತು. ಇಬ್ಬರೂ ಎದ್ದುಬಿದ್ದು ಓಡಿದರು. ತಂಗೆವ್ವ ಖಾಲಿ ಪುಡಿ ಡಬ್ಬಿ ಹಿಡಿದು ದಾರಿ ಕಾಯುತ್ತಿದ್ದಳು.

“ಬಾಜೂ ಮನಿ ಮುತ್ಯಾನ ಎದಿ ಹಿಡದೈತ್ರಿ. ಆಸ್ಪತ್ರಿಗೆ ಫೋನ್ ಹಚ್ಚಿದ್ರ ವಿಳಾಸ ಕೇಳ್ಕೋತನ ಕೂಡ್ತಾರ. ಪುಡಿ ಸುರುವಿದ್ರ ಹತ್ತು ಮಿನಿಟಿಗೆ ನೀವ ಬರ್ತೀರಿ.”

ಡಾಕ್ಟರು ಪಕ್ಕದ ಮನೆಗೆ ಓಡಿದರು. ಆ ಅಜ್ಜನ ಉಸಿರು ಹದಕ್ಕೆ ಬಂದ ಮೇಲೆ ನದಾಫರು ಕಟ್ಟೆಯ ಮೇಲೆ ಕೂತು ವರದಿ ಬರೆದರು. ಮಾಹಿತಿದಾರರು ಎಂಬ ಕಡೆ ಅವರು ಬರೆದದ್ದು ಎರಡೇ ಮಾತು: ಇಡೀ ಓಣಿ.