ನಲವತ್ತು ಕೋಡ್‌ಗಳ ಕಳವು

"ಶುಕ್ರವಾರದೊಳಗೆ ಕಳ್ಳ ಸಿಗದಿದ್ರೆ ನನ್ನ ಕೆಲಸ ಹೋಗತ್ತೆ ಅಗ್ನೆಸ್ ಆಂಟಿ. ಯಂಗ್ಸ್‌ಟೌನ್‌ನಲ್ಲಿ ಇನ್ನೊಂದು ಕೆಲಸ ಎಲ್ಲಿದೆ ಹೇಳಿ!" ಎಂದಳು ಡಾಲರೆಸ್. ಉಕ್ಕಿನ ಕಾರ್ಖಾನೆ ಮುಚ್ಚಿ ಆರು ವರ್ಷವಾಗಿತ್ತು. ಅಲ್ಲಿ ಕೆಲಸ ಕಳೆದುಕೊಂಡ ಗಂಡ ಎಮಿಲ್ ಮನೆಯಲ್ಲಿ ಕೂತು ಕಂಪ್ಯೂಟರ್ ಕಲಿಯುತ್ತಿದ್ದ. ಒಲೆ ಉರಿಯುತ್ತಿದ್ದದ್ದು ಇವಳ ಸಂಬಳದಿಂದ.

ದೂರದೂರಿಗೆ ಅಗ್ಗದಲ್ಲಿ ಫೋನ್ ಸಂಪರ್ಕ ಕೊಡುವ ಸಣ್ಣ ಕಂಪನಿಯಲ್ಲಿ ಅವಳು ಗುಮಾಸ್ತೆ. ಕಂಪನಿಯ ನಂಬರಿಗೆ ಡಯಲ್ ಮಾಡಿ, ತನ್ನ ಆರಂಕಿಯ ಕೋಡ್ ಒತ್ತಿದರೆ ಗಿರಾಕಿಗೆ ಲೈನು ಸಿಗುತ್ತಿತ್ತು. ಅಂಥ ನಲವತ್ತು ಕೋಡ್‌ಗಳಿಂದ ಯಾರೋ ಪುಕ್ಕಟೆ ಮಾತಾಡುತ್ತಿದ್ದರು. ಕೋಡ್‌ಗಳ ಪಟ್ಟಿ ಇದ್ದದ್ದು ಡಾಲರೆಸ್‌ಳ ಮೇಜಿನಲ್ಲಿ ಮಾತ್ರ.

ಅಗ್ನೆಸ್ ಮೂವತ್ತು ವರ್ಷ ಟೆಲಿಫೋನ್ ಆಪರೇಟರ್ ಆಗಿದ್ದವಳು. ಬೀದಿಯ ಕಳವುಗಳೆಲ್ಲ ಅವಳ ಅಡುಗೆಮನೆಯಲ್ಲೇ ಬಗೆಹರಿಯುತ್ತಿದ್ದವು. ಅವಳ ಬಾಡಿಗೆದಾರ ಲೆನ್ ಮ್ಯಾನೇಜರನ್ನು ಒಪ್ಪಿಸಿ ಕಂಪನಿಯಿಂದ ಕರೆಗಳ ದಾಖಲೆ ತಂದ. ಎರಡು ದಿನ ಇಬ್ಬರೂ ಓದಿದರು.

"ಹೋದ ಮಂಗಳವಾರ ಡಾಲರೆಸ್ ಕೆಲಸಕ್ಕೆ ಹೋಗಿದ್ದಳಾ?" ಎಂದು ಅಗ್ನೆಸ್ ಕೇಳಿದಳು.

"ಇಲ್ಲ. ಜ್ವರ ಅಂತ ಮನೇಲಿದ್ದಳು."

ಅಗ್ನೆಸ್ ಕನ್ನಡಕ ತೆಗೆದಳು. "ಈ ಕೇಸು ನಮಗೆ ಬೇಡವಾಗಿತ್ತು ಲೆನ್."

ಗುರುವಾರ ಸಂಜೆ ದಂಪತಿಯೂ ಮ್ಯಾನೇಜರ್ ಬ್ರಾಡಿಯೂ ಬಂದರು. "ಕಳ್ಳಿ ಎದುರಿಗೇ ಕೂತಿದ್ದಾಳೆ. ಕಾಫಿ ಯಾಕೆ ದಂಡ?" ಎಂದ ಬ್ರಾಡಿ.

"ಪಟ್ಟಿ ಕದ್ದೋರು ತಪ್ಪು ಕೋಡ್ ಯಾಕೆ ಒತ್ತುತ್ತಾರೆ ಸಾರ್?" ಎಂದಳು ಅಗ್ನೆಸ್. "ಇಲ್ಲಿ ಒಂದು ಸರಿಯಾದ ಕೋಡ್ ಸಿಗೋ ಮುಂಚೆ ನೂರಾರು ತಪ್ಪು. ಪ್ರತಿ ಸಲ ಹಿಂದಿನ ಕೋಡ್‌ಗೆ ಒಂದು ಕೂಡಿಸಿ ಒತ್ತಿದ್ದು. ಮನುಷ್ಯರಿಗೆ ಅಷ್ಟು ತಾಳ್ಮೆ ಇಲ್ಲ. ಕಂಪ್ಯೂಟರ್ ಡಯಲ್ ಮಾಡಿದೆ."

"ಊರಲ್ಲಿ ಒಂದೇ ಕಂಪ್ಯೂಟರ್ ಇದೆಯಾ?"

"ಈ ಡಯಲ್ ಮಾಡೋದು ಡಾಲರೆಸ್ ಆಫೀಸಿಗೆ ಹೊರಟ ಮೇಲೆ ಶುರು, ವಾಪಸ್ ಬರೋ ಹೊತ್ತಿಗೆ ಬಂದ್. ಅವಳು ಮನೇಲಿದ್ದ ಮಂಗಳವಾರ ಒಂದು ತಪ್ಪು ಕೋಡೂ ಇಲ್ಲ. ಮಿಕ್ಕ ದಿನ ಹನ್ನೆರಡೂವರೆಗೆ ಹತ್ತು ನಿಮಿಷ ಬಿಡುವು." ಅಗ್ನೆಸ್ ದನಿ ಇಳಿಯಿತು. "ಊಟದ ಹೊತ್ತಿಗೆ ನೀನು ಮನೆಗೆ ಫೋನ್ ಮಾಡ್ತೀಯ, ಅಲ್ವಾ ಮಗಳೇ?"

ಡಾಲರೆಸ್ ಗಂಡನತ್ತ ತಿರುಗಿದಳು. ಲೆನ್‌ಗೆ ಅವಳ ಮುಖ ನೋಡಲಾಗಲಿಲ್ಲ.

"ಲೈನ್ ಬಿಝಿ ಬಂದ್ರೆ ನೀನು ಗಾಬರಿಯಾಗ್ತಿದ್ದೆ ಡಾಲಿ, ಅದಕ್ಕೇ ಆ ಹೊತ್ತು ನಿಲ್ಲಿಸ್ತಿದ್ದೆ," ಎಂದ ಎಮಿಲ್. "ನಮ್ಮ ಕಾರ್ಖಾನೆಯವರು ಟೆಕ್ಸಸ್‌ಗೆ ದುಡಿಯೋಕೆ ಹೋಗಿದ್ದಾರಲ್ಲ, ಹೆಂಡ್ತಿ ಮಕ್ಕಳ ಜೊತೆ ಮಾತಾಡ್ಲಿ ಅಂತ ಕೋಡ್ ಕೊಟ್ಟೆ. ನಿನ್ನ ತಲೆಗೆ ಬರತ್ತೆ ಅಂತ ಹೊಳೀಲಿಲ್ಲ."

"ಬಂದ ಮೇಲಾದ್ರೂ ಬಾಯಿ ಬಿಡಬಹುದಿತ್ತಲ್ಲ?"

ಎಮಿಲ್ ಕೋಟು ಎತ್ತಿಕೊಂಡ.

"ಸೋಮವಾರ ಕೆಲಸಕ್ಕೆ ಬನ್ನಿ," ಎಂದು ಬ್ರಾಡಿ ಅವಳಿಗೆ ಹೇಳಿ, ಎಮಿಲ್‌ನನ್ನು ಪೊಲೀಸ್ ಠಾಣೆಗೆ ಕರೆದುಕೊಂಡು ಹೋದ.

ಡಾಲರೆಸ್ ಎದ್ದಳು. "ಥ್ಯಾಂಕ್ಸ್ ಹೇಳ್ಬೇಕು ನಿಮಗೆ," ಎಂದಳು ಅಗ್ನೆಸ್‌ಗೆ.  ಅದನ್ನು ಹೇಳದೆಯೇ ಬಾಗಿಲು ಎಳೆದುಕೊಂಡು ಹೋದಳು.