ಎರಡು ಬಾಗಿಲಿನ ಕೋಣೆ

“ಹಿರಿಯರ ಜಾಗದಲ್ಲಿ ನೀವು ಕೂತ್ಕೊಳ್ಳಿ ಅಣ್ಣಾ,” ಅಂದರು ತುರ್ದುಬೆಕ್ ಅಜ್ಜ.

“ಕೂರ್ತೀನಪ್ಪಾ. ಅದೆಲ್ಲಿದೆ ಅಂತ ಮೊದಲು ತೋರ್ಸು,” ಅಂದರು ಕೊಜೊಶ್ ಅಜ್ಜ.

ಹೊಸ ಕೋಣೆಯಲ್ಲಿ ಊರಿನ ಐದು ಜನ ಹಿರಿಯರು ನಿಂತೇ ಇದ್ದರು. ಎಣ್ಣೆಯಲ್ಲಿ ಕರಿದ ಹಿಟ್ಟಿನ ಬೋರ್ಸೊಕ್ ತಣ್ಣಗಾಗುತ್ತಿತ್ತು, ಚಹಾ ಆರುತ್ತಿತ್ತು. ಮೂಲೆಯಲ್ಲಿ ನಿಂತ ಹತ್ತು ವರ್ಷದ ಬುರುಲ್‌ ಅವರನ್ನೇ ನೋಡುತ್ತಿದ್ದಳು. ಆ ಕೋಣೆಯ ನಕ್ಷೆ ಅವಳದು.

ಅವಳಿಗೆ ಆರ್ಕಿಟೆಕ್ಟ್ ಆಗಬೇಕು. ಅವಳ ತಾತ ಊರಿಗೆಲ್ಲ ಉಣ್ಣೆಯ ಡೇರೆ ಮಾಡಿಕೊಡುವವರು. ಅವರು ಮರದ ಕೋಲು ಬಗ್ಗಿಸುವುದನ್ನು ನೋಡುತ್ತಲೇ ಬೆಳೆದವಳು. ಆದರೆ ರಾಜಧಾನಿ ಬಿಷ್ಕೆಕ್‌ನ ಹೋಟೆಲೊಂದರಲ್ಲಿ ಜನ ಒಂದು ಬಾಗಿಲಿಂದ, ಊಟ ಇನ್ನೊಂದು ಬಾಗಿಲಿಂದ ಬರುವುದನ್ನು ಕಂಡ ಮೇಲೆ ತಾತನ ಡೇರೆಗಳು ಸಪ್ಪೆಯಾಗಿಬಿಟ್ಟವು. ಅವಕ್ಕೆ ಒಂದೇ ಬಾಗಿಲು, ಅದರಲ್ಲೂ ಬಗ್ಗಿ ಹೋಗಬೇಕು.

ಅಪ್ಪ ಅತಿಥಿಗಳಿಗೆಂದು ಕೋಣೆ ಕಟ್ಟಿಸಲು ಹೊರಟಾಗ ಅವಳು ಎರಡು ವಾರ ಅವನ ಬೆನ್ನು ಬಿಡಲಿಲ್ಲ. ಅಂಗಳದ ಕಡೆಗೊಂದು ಬಾಗಿಲು, ಅದರ ಎದುರಿಗೇ ಅಡುಗೆಮನೆ ಕಡೆಗೊಂದು. ಅಪ್ಪ ಒಪ್ಪಿದ. ತಾತ ಮೀಸೆಯಡಿಯಲ್ಲೇ ನಕ್ಕು, ಹಿರಿಯರು ಇಲ್ಲಿ ಕೂತು ಚಹಾ ಕುಡಿದರೆ ಪಟ್ಟಣದ ಡ್ರಾಯಿಂಗ್ ಕ್ಲಾಸಿಗೆ ಸೇರಿಸುವುದಾಗಿ ಮಾತು ಕೊಟ್ಟರು.

ಕೂತರೆ ತಾನೇ? ಊರಿನ ರೂಢಿಯಂತೆ ಬಾಗಿಲಿಗೆ ಎದುರಿನ ಗೋಡೆಯ ಬಳಿ ಎಲ್ಲರಿಗಿಂತ ಹಿರಿಯರು ಕೂರಬೇಕು, ಬಾಗಿಲ ಬಳಿ ಎಲ್ಲರಿಗಿಂತ ಕಿರಿಯರು. ಈ ಕೋಣೆಯಲ್ಲಿ ಬಾಗಿಲಿಗೆ ಎದುರು ಇನ್ನೊಂದು ಬಾಗಿಲು! ಎಂಬತ್ತು ದಾಟಿದ ಕೊಜೊಶ್ ಅಜ್ಜ ಆ ತುದಿಗೆ ಹೋದರು. ಅಡುಗೆಮನೆಯಿಂದ ಮಾಂಸದ ತಟ್ಟೆ ಹಿಡಿದು ಬಂದ ಅಮ್ಮ ಅವರ ಬೆನ್ನಿಗೇ ಗುದ್ದಿದಳು. ಅಜ್ಜ ಹೌಹಾರಿ ಈ ತುದಿಗೆ ಬಂದರೆ ಇಲ್ಲಿ ಎಲ್ಲರ ಬೂಟುಗಳ ರಾಶಿ. ಉಳಿದ ನಾಲ್ವರೂ ಅವರ ಹಿಂದೆಯೇ ಅತ್ತಿಂದಿತ್ತ ಓಡಾಡಿದರು. ಅವರು ಕೂರದೆ ಇವರು ಕೂರುವಂತಿಲ್ಲ.

“ನಮ್ಮನ್ನ ಊಟಕ್ಕೆ ಕರೆದಿದ್ದಾ, ವಾಕಿಂಗಿಗಾ?” ಎಂದು ತುರ್ದುಬೆಕ್ ಅಜ್ಜ ಗೊಣಗಿದರು.

ತಾತ ಸೂರು ನೋಡುತ್ತಿದ್ದರು. ಬುರುಲ್‌ಗೆ ಅಳು ಬಂತು. ಅಡುಗೆಮನೆಯ ಬಾಗಿಲೆಂದರೆ ಅವಳಿಗೆ ಪ್ರಾಣ; ನೀಲಿ ಬಣ್ಣ ಬಳಿದವಳೂ ಅವಳೇ. ಆದರೂ ಪಕ್ಕದ ಕೋಣೆಗೆ ಓಡಿ ಅಜ್ಜಿಯ ಕೌದಿಗಳನ್ನೆಲ್ಲ ಎಳೆದು ತಂದಳು. ನೀಲಿ ಬಾಗಿಲು ಮುಚ್ಚಿ, ಅದಕ್ಕೆ ಅಡ್ಡವಾಗಿ ಒಂದರ ಮೇಲೊಂದು ಪೇರಿಸಿದಳು. ಬಾಗಿಲು ಪೂರ್ತಿ ಮರೆಯಾಯಿತು.

ಕೊಜೊಶ್ ಅಜ್ಜ ಕೌದಿಗಳಿಗೆ ಬೆನ್ನು ಕೊಟ್ಟು ಉಸ್ಸಪ್ಪಾ ಎಂದು ಕೂತರು. ಕಣ್ಣು ಮುಚ್ಚಿ ತೆರೆಯುವುದರೊಳಗೆ ಉಳಿದವರೂ ವಯಸ್ಸಿನ ಪ್ರಕಾರ ಕೂತಾಗಿತ್ತು. ಅಮ್ಮ ಮಾತ್ರ ಕೆಟಲ್ ಹಿಡಿದು ಅಂಗಳ ಸುತ್ತಿ ಬರಬೇಕಾಯಿತು.

“ನಕ್ಷೆ ನೋಡಿದಾಗ್ಲೇ ಯಾಕೆ ಹೇಳ್ಲಿಲ್ಲ ತಾತ?”

“ನನ್ನ ಮೊದಲನೇ ಡೇರೆಗೆ ನಾನು ಬಾಗಿಲೇ ಬಿಟ್ಟಿರ್ಲಿಲ್ಲ ಮಗಾ. ಸುತ್ತ ಕಟ್ಟಿ ಮುಗಿಸಿ ನೋಡಿದ್ರೆ ನಾನು ಒಳಗಿದ್ದೆ. ನನಗೆ ಯಾರು ಹೇಳಿದ್ರು?” ತಾತ ಅವಳ ಜಡೆ ಎಳೆದರು. “ಚಹಾ ಕುಡೀತಿದಾರೆ ನೋಡು. ಶನಿವಾರ ಬೇಗ ಏಳು.”

ಶನಿವಾರ ಕ್ಲಾಸಿನಲ್ಲಿ ಟೀಚರ್ ಒಂದು ಕೋಣೆ ಬರೆಯಲು ಹೇಳಿದರು. ಎಲ್ಲರೂ ಸ್ಕೇಲು ಹಿಡಿದು ನಾಲ್ಕು ಗೋಡೆ ಎಳೆದರು. ಬುರುಲ್ ಐದು ಜನ ಅಜ್ಜಂದಿರನ್ನು ಬರೆದಳು, ಆಮೇಲೆ ಕೆಟಲ್ ಹಿಡಿದ ಅಮ್ಮನನ್ನು. ಅಮ್ಮ ಯಾವ ಕಡೆಯಿಂದ ಬಂದರೆ ಯಾರ ಬೆನ್ನಿಗೂ ಗುದ್ದುವುದಿಲ್ಲ ಎಂದು ಪೆನ್ಸಿಲ್ ಕಚ್ಚುತ್ತಾ ಯೋಚಿಸಿದಳು. ಬೆಲ್ ಹೊಡೆದಾಗಲೂ ಅವಳ ಹಾಳೆಯಲ್ಲಿ ಒಂದು ಗೋಡೆಯೂ ಇರಲಿಲ್ಲ.